ಆದವಾನಿ ಸೀಮೆಯ ಪ್ರಾಥಮಿಕ ವಿಜ್ಞಾನ ಬೋಧನೆ: ಕಂಠಪಾಠದಿಂದ ಪ್ರಶ್ನೆಯವರೆಗೆ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಆದವಾನಿ, ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿ, ಮಂತ್ರಾಲಯ ಪ್ರದೇಶವು ಕನ್ನಡ ಮತ್ತು ತೆಲುಗು ಎರಡೂ ಒಂದೇ ಅಂಗಳದಲ್ಲಿ ಬಾಳಿಕೊಂಡು ಬಂದ ಸೀಮೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಅಲ್ಲಿಯವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ರಾಜ್ಯಕ್ಕೆ ಹೋದವು; ಬಳ್ಳಾರಿಯೂ ಜಿಲ್ಲೆಯ ಉಳಿದ ತಾಲ್ಲೂಕುಗಳೂ ಮೈಸೂರಿಗೆ ಬಂದವು. ರಾಯದುರ್ಗವನ್ನು ಅನಂತಪುರಕ್ಕೂ ಆದವಾನಿ, ಆಲೂರುಗಳನ್ನು ಕರ್ನೂಲಿಗೂ ಸೇರಿಸಲಾಯಿತು. ಈ ವಿಭಜನೆಯ ರಾಜಕೀಯ ಇತಿಹಾಸ ಸಾಕಷ್ಟು ಚರ್ಚೆಗೆ ಒಳಗಾಗಿದೆ. ಆದರೆ ಗಡಿಯ ಈಚೆ ಆಚೆ ಹಂಚಿಹೋದ ಶಾಲೆಗಳೊಳಗೆ ಮಗು ಹೇಗೆ ಕಲಿಯಿತು, ಅದರಲ್ಲೂ ಕಂಡದ್ದನ್ನು ಕುರಿತು ಕೇಳುವ, ಊಹಿಸುವ, ಪರೀಕ್ಷಿಸುವ ವಿಜ್ಞಾನವನ್ನು ಹೇಗೆ ಕಲಿಯಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ.

ಶಿಕ್ಷಣಶಾಸ್ತ್ರದಲ್ಲಿ ಉನ್ನತ ಹಂತದ ಚಿಂತನೆ ಎಂಬ ಮಾತು ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ವರ್ಗೀಕರಣದಿಂದ ಪ್ರಚಾರ ಪಡೆಯಿತು. 2001ರ ಪರಿಷ್ಕೃತ ರೂಪದಲ್ಲಿ ಅದರ ಆರು ಹಂತಗಳು ಸ್ಮರಣೆ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ ಮತ್ತು ಸೃಜನ ಎಂಬ ಕ್ರಮದಲ್ಲಿ ನಿಂತಿವೆ. ಮೊದಲಿನ ಎರಡರಲ್ಲಿ ಮಗು ಕೇಳಿದ್ದನ್ನು ಹೇಳುತ್ತದೆ. ಮುಂದಿನವುಗಳಲ್ಲಿ ಕೇಳಿದ್ದನ್ನು ಬಳಸಿ ಹೊಸದನ್ನು ಹೇಳಬೇಕಾಗುತ್ತದೆ. ಈ ಎರಡನೆಯ ಬಗೆಯ ಬೋಧನೆ ಆದವಾನಿ ಸೀಮೆಗೆ ಹೊಸತೇನೂ ಅಲ್ಲ. ಅದನ್ನು ಬಯಸಿದ ಸುಧಾರಣೆಗಳು ಒಂದರ ಹಿಂದೆ ಒಂದರಂತೆ ಬಂದಿವೆ. ಪ್ರತಿ ಬಾರಿಯೂ ಬೋಧನಾ ವಿಧಾನದ ಪ್ರಶ್ನೆಯೂ ಮಗುವಿನ ಭಾಷೆಯ ಪ್ರಶ್ನೆಯೂ ದಾಖಲೆಗಳಲ್ಲಿ ಅಕ್ಕಪಕ್ಕದಲ್ಲಿಯೇ ಕಾಣಿಸಿಕೊಂಡಿವೆ. ಆಡಳಿತದಲ್ಲಿ ಮಾತ್ರ ಅವು ಬೇರೆ ಬೇರೆ ದಾರಿ ಹಿಡಿದಿವೆ. ಈ ಅಗಲಿಕೆಯ ಬೆಲೆಯನ್ನು ತೆತ್ತದ್ದು ಭಾಷಾ ಅಲ್ಪಸಂಖ್ಯಾತರ ಮಗು.

ಹಲಗೆ, ಕಡತ, ಬಳಪ: 1823ರ ಚಿತ್ರ

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ದೇಶೀ ಶಾಲೆಗಳ ಸ್ಥಿತಿಯನ್ನು ಕುರಿತು ಕಲೆಕ್ಟರುಗಳಿಂದ ವರದಿ ಕೇಳಿದನು. ದತ್ತಮಂಡಲದಲ್ಲಿ ಪ್ರಧಾನ ಕಲೆಕ್ಟರನಾಗಿ ಏಳು ವರ್ಷ ಕೆಲಸಮಾಡಿದ್ದ ಮನ್ರೋಗೆ ಬಳ್ಳಾರಿ, ಆದವಾನಿಗಳ ನೆಲ ಪರಿಚಿತವಾಗಿತ್ತು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ಉತ್ತರವು ಆ ವರದಿಗಳಲ್ಲೆಲ್ಲ ವಿವರವಾದದ್ದು. ತೆಲುಗು ವ್ಯಾಕರಣವನ್ನು ಬರೆದಿದ್ದ ಆತನಿಗೆ ಭಾಷೆಯ ಸೂಕ್ಷ್ಮಗಳು ತಿಳಿದಿದ್ದವು. ಧರ್ಮಪಾಲರು 1983ರಲ್ಲಿ ತಮ್ಮ ಗ್ರಂಥದಲ್ಲಿ ಈ ವರದಿಯನ್ನು ಮತ್ತೆ ಪ್ರಕಟಿಸಿದ ಮೇಲೆ ಅದು ವಿದ್ವಾಂಸರ ನಡುವೆ ಹೆಚ್ಚಿನ ಪ್ರಚಾರ ಪಡೆಯಿತು.

ಆಗಿನ ಬಳ್ಳಾರಿ ಜಿಲ್ಲೆ ಇಂದಿನ ಅನಂತಪುರವನ್ನೂ ಒಳಗೊಂಡ ವಿಶಾಲ ಪ್ರದೇಶ. ಅನಂತಪುರ ಬೇರೆಯಾದದ್ದು 1882ರಲ್ಲಿ. ಕ್ಯಾಂಬೆಲ್ ಕೊಟ್ಟ ಲೆಕ್ಕದಂತೆ 9,27,857 ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಒಂದು ಇಂಗ್ಲಿಷ್ ಶಾಲೆ. ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ಕನ್ನಡ ಮತ್ತು ತೆಲುಗು ಶಾಲೆಗಳ ಸಂಖ್ಯೆ ಹೆಚ್ಚುಕಡಿಮೆ ಸಮನಾಗಿದ್ದುದು ಈ ಸೀಮೆಯ ದ್ವಿಭಾಷಿಕ ಸ್ವರೂಪಕ್ಕೆ ಸಾಕ್ಷಿ.

ಮಗು ಐದನೆಯ ವರ್ಷಕ್ಕೆ ಶಾಲೆಗೆ ಸೇರಿ ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಅನಂತರ ಅಕ್ಕಿ ಮತ್ತು ಇದ್ದಿಲಪುಡಿ ಸವರಿದ ಹಲಗೆಯ ಮೇಲೆ, ಇಲ್ಲವೆ ಗಂಜಿ ಹಾಕಿ ಬಿರುಸುಗೊಳಿಸಿ, ಇದ್ದಿಲು ಬಳಿದು, ಪುಸ್ತಕದಂತೆ ಮಡಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿತ್ತು. ಇಂದು ಸರ್ಕಾರಿ ಕಚೇರಿಯ ದಾಖಲೆಗೆ ನಿಂತಿರುವ ಕಡತ ಎಂಬ ಮಾತು ಅಂದು ಮಗುವಿನ ಕೈಯಲ್ಲಿದ್ದ ವಸ್ತುವಿನ ಹೆಸರು. ಬೆಳಿಗ್ಗೆ ಮೊದಲು ಬಂದವನ ಅಂಗೈಯ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ಮುಂದಿನವರಿಗೆ ಒಂದೊಂದಾಗಿ ಹೆಚ್ಚುವ ಏಟುಗಳು ಎಂಬ ಕ್ರಮವನ್ನೂ ವರದಿ ದಾಖಲಿಸಿದೆ.

ಕ್ಯಾಂಬೆಲ್ ಮೆಚ್ಚಿದ್ದು ಈ ಶಾಲೆಗಳ ಮಿತವ್ಯಯವನ್ನು ಮತ್ತು ಮುಂದಿನ ತರಗತಿಯವರು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು. ಮದ್ರಾಸಿನಲ್ಲಿ ಆಂಡ್ರೂ ಬೆಲ್ ಕಂಡು ಇಂಗ್ಲೆಂಡಿಗೆ ಒಯ್ದ ಪದ್ಧತಿಯೂ ಇದೇ. ಆದರೆ ಆತ ಕಂಡ ಮುಖ್ಯ ದೋಷ ಕಂಠಪಾಠ. ವಿದ್ಯಾರ್ಥಿಗಳು ಅಸಂಖ್ಯ ಪದ್ಯಗಳನ್ನು ಅರ್ಥ ತಿಳಿಯದೆ ಒಪ್ಪಿಸುತ್ತಿದ್ದರು. ಅನೇಕ ವೇಳೆ ಉಪಾಧ್ಯಾಯರಿಗೂ ಅದರ ಅರ್ಥ ತಿಳಿದಿರುತ್ತಿರಲಿಲ್ಲ. ಇದಕ್ಕೆ ಆತ ಕೊಟ್ಟ ಕಾರಣ ಮುಖ್ಯವಾದದ್ದು. ಪುಸ್ತಕಗಳ ಕಾವ್ಯಭಾಷೆಗೂ ಜನರ ಆಡುನುಡಿಗೂ ಲಿಪಿ ಒಂದೇ, ಭಾಷೆ ಬೇರೆ. ಮಗುವಿಗೆ ಅಕ್ಷರಗಳೆಲ್ಲ ಪರಿಚಿತವಾಗಿದ್ದವು. ಅವು ಕೂಡಿ ಕಟ್ಟಿದ ಮಾತು ಅದಕ್ಕೆ ಪರಕೀಯವಾಗಿತ್ತು. ಹೀಗೆ ಕಂಠಪಾಠವನ್ನು ಕೇವಲ ಬೋಧನೆಯ ದೋಷವೆಂದು ಬಿಡದೆ ಅದನ್ನು ಭಾಷೆಯ ಅಂತರಕ್ಕೆ ಜೋಡಿಸಿದ್ದು ಈ ಸೀಮೆಯ ಶಿಕ್ಷಣ ಚರಿತ್ರೆಯಲ್ಲಿ ದೊರೆಯುವ ಮೊದಲ ವಿಶ್ಲೇಷಣೆ ಎನ್ನಬಹುದು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲ. ಜನ ಬಡವಾಗಿರುವುದೇ ಇದಕ್ಕೆ ಕಾರಣ. ಯೂರೋಪಿನ ಬಟ್ಟೆ ಬಂದು ನೇಕಾರರ ಗಳಿಕೆ ಕುಸಿದಿದೆ ಎಂದು ಕಲೆಕ್ಟರನೇ ಬರೆದನು. ಹತ್ತಿಯನ್ನೂ ಮಗ್ಗವನ್ನೂ ನಂಬಿದ್ದ ಆದವಾನಿ ಪ್ರದೇಶಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ವಸ್ತುಪಾಠದ ಕಾಲ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರದ ಮತ್ತು ಅನುದಾನಿತ ಶಾಲೆಗಳು ಬೆಳೆದಂತೆ ಪೆಸ್ಟಾಲಜಿಯ ಪರಂಪರೆಯ ವಸ್ತುಪಾಠ ಭಾರತಕ್ಕೂ ಬಂದಿತು. ಎಲೆ, ಕಲ್ಲು, ಉಪ್ಪು, ಹತ್ತಿಯಂಥ ವಸ್ತುವನ್ನು ಮಗುವಿನ ಮುಂದಿಟ್ಟು, ನೋಡಿಸಿ, ಮುಟ್ಟಿಸಿ, ಮಾತಾಡಿಸುವುದು ಅದರ ಉದ್ದೇಶ. 1904ರ ಮಾರ್ಚ್ 11ರಂದು ಭಾರತ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯವು ಶಾಲೆಗಳಲ್ಲಿ ಬುದ್ಧಿಯ ಬೆಳವಣಿಗೆಗಿಂತ ನೆನಪಿನ ಅಭ್ಯಾಸವೇ ಮೇಲಾಗಿದೆ ಎಂದು ಟೀಕಿಸಿ ವಸ್ತುಪಾಠಗಳಂಥ ವಿಧಾನಗಳನ್ನು ಎತ್ತಿಹಿಡಿಯಿತು. ಮಗು ತನ್ನ ತಾಯ್ನುಡಿಯಲ್ಲಿ ಗಟ್ಟಿಯಾದ ತಳಹದಿ ಪಡೆಯುವವರೆಗೆ ಇಂಗ್ಲಿಷನ್ನು ಭಾಷೆಯಾಗಿಯೂ ಕಲಿಸಬಾರದು, ಬೋಧನಾ ಮಾಧ್ಯಮವನ್ನಾಗಿ ಬಳಸಲು ಹದಿಮೂರು ವರ್ಷವಾದರೂ ತುಂಬಿರಬೇಕು ಎಂದೂ ಅದೇ ನಿರ್ಣಯ ಹೇಳಿತು. ಕ್ಯಾಂಬೆಲ್ ಜೊತೆಯಾಗಿ ಕಂಡ ಎರಡು ಸಂಗತಿಗಳು ಎಂಬತ್ತು ವರ್ಷಗಳ ನಂತರ ಇನ್ನೊಂದು ದಾಖಲೆಯಲ್ಲಿ ಮತ್ತೆ ಜೊತೆಯಾದವು.

ವಸ್ತುಪಾಠಕ್ಕೂ ಒಂದು ಅಪಾಯವಿತ್ತು. ವಸ್ತು ಎದುರಿಗಿದ್ದರೂ ಅದನ್ನು ಕುರಿತ ಮಾತು ಪುಸ್ತಕದ್ದೇ ಆದರೆ, ವಸ್ತುಪಾಠವೂ ಕಂಠಪಾಠವಾಗುತ್ತದೆ. ‘ಹತ್ತಿ ಮೃದುವಾಗಿದೆ, ಹಗುರವಾಗಿದೆ, ಶ್ವೇತವರ್ಣದ್ದಾಗಿದೆ’ ಎಂದು ತರಗತಿ ಒಟ್ಟಾಗಿ ಕೂಗಬಹುದು. ಹತ್ತಿಹೊಲದಿಂದ ಬಂದ ಮಗುವಿಗೆ ಕಾಯಿಕೊರಕ, ಮಳೆಗೆ ಕಪ್ಪಾದ ಅರಳೆ, ಬೀಜ ಬೇರ್ಪಡಿಸುವ ಯಂತ್ರ ಎಲ್ಲವೂ ಗೊತ್ತು. ಆ ಅರಿವು ಈ ಮೂರು ವಾಕ್ಯಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಗದ್ಯ ರೂಪುಗೊಂಡದ್ದು ಇದೇ ಕಾಲದಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಅಲ್ಪಕಾಲ ಮಾತ್ರ ನಡೆದರೂ ಕನ್ನಡದ ಪಾರಿಭಾಷಿಕ ಪದಗಳಿಗೆ ಒಂದು ಬುನಾದಿ ಹಾಕಿತು. 1936ರಲ್ಲಿ ಶಿವರಾಮ ಕಾರಂತರ ಮೂರು ಸಂಪುಟಗಳ ‘ಬಾಲಪ್ರಪಂಚ’ ಬಂದಿತು. ಕಾರಂತರು ಕೆಲಸಮಾಡುತ್ತಿದ್ದ ದಕ್ಷಿಣ ಕನ್ನಡವೂ ಬಳ್ಳಾರಿ, ಆದವಾನಿಗಳೂ ಆಗ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ಆದವಾನಿಯ ಕನ್ನಡ ಶಾಲೆಗೂ ಪುತ್ತೂರಿನ ಕನ್ನಡ ಶಾಲೆಗೂ ಒಂದೇ ಶಿಕ್ಷಣ ಇಲಾಖೆ ಇತ್ತು ಎಂಬ ಸಂಗತಿ 1953ರ ನಂತರದ ಸ್ಥಿತಿಯನ್ನು ಅರಿಯಲು ನೆನಪಿಡಬೇಕಾದದ್ದು.

ಗಡಿ ಮತ್ತು ಎರಡು ಇಲಾಖೆಗಳು

1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳ ತಾಯ್ನುಡಿ ಬೇರೆಯಾಗಿದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯನನ್ನಾದರೂ ನೇಮಿಸಬೇಕೆಂದು ಒಪ್ಪಿತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದಿತು. 350ಬಿ ವಿಧಿಯಂತೆ ವಿಶೇಷ ಅಧಿಕಾರಿಯ ನೇಮಕವಾಯಿತು. ಆದವಾನಿ, ಆಲೂರುಗಳ ಕನ್ನಡ ಶಾಲೆಗಳಿಗೆ ದೊರೆತ ರಕ್ಷಣೆಯ ಚೌಕಟ್ಟು ಇದು.

ಈ ರಕ್ಷಣೆ ಅಮೂಲ್ಯವಾದದ್ದು. ಆದರೆ ಅದರ ಸ್ವಭಾವ ಎಣಿಕೆಯದು. ಎಷ್ಟು ಶಾಲೆಗಳು, ಎಷ್ಟು ಮಕ್ಕಳು, ಎಷ್ಟು ಉಪಾಧ್ಯಾಯರು, ಪಠ್ಯಪುಸ್ತಕ ಬಂದಿತೇ ಎಂಬುದಷ್ಟೇ ಅದರ ಪ್ರಶ್ನಾವಳಿ. ಶಾಲೆಯೊಳಗೆ ಯಾರು ಯಾರನ್ನು ಯಾವ ಭಾಷೆಯಲ್ಲಿ ಪ್ರಶ್ನಿಸುತ್ತಾರೆ ಎಂಬುದು ಅದರ ವ್ಯಾಪ್ತಿಯ ಹೊರಗೆ ಉಳಿಯಿತು. ಇತ್ತ ವಿಜ್ಞಾನ ಬೋಧನೆಯ ಸುಧಾರಣೆ ಬೇರೊಂದು ಹಾದಿಯಲ್ಲಿ ಸಾಗುತ್ತಿತ್ತು. 1961ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸ್ಥಾಪನೆಯಾಯಿತು. 1966ರಲ್ಲಿ ವರದಿ ಒಪ್ಪಿಸಿದ ಕೊಠಾರಿ ಆಯೋಗವು ಶಾಲೆಯ ಮೊದಲ ಹತ್ತು ವರ್ಷಗಳಲ್ಲಿ ವಿಜ್ಞಾನ ಕಡ್ಡಾಯವಾಗಬೇಕು, ಕೆಳ ಪ್ರಾಥಮಿಕ ಹಂತದಲ್ಲಿ ಅದು ಮಗುವಿನ ಪರಿಸರದಿಂದ ಹೊರಡಬೇಕು ಎಂದಿತು. ಈ ಸುಧಾರಣೆ ಆದವಾನಿಯ ಕನ್ನಡ ಶಾಲೆಗೆ ತಲುಪಬೇಕಾದರೆ ರಾಜ್ಯದ ರಾಜಧಾನಿಯ ಮೂಲಕ, ಹೆಚ್ಚಾಗಿ ತೆಲುಗಿನ ಮೂಲಕ ಬರಬೇಕಿತ್ತು. ಕನ್ನಡದ ವಿಜ್ಞಾನ ಪದಕೋಶ ಬೆಳೆಯುತ್ತಿದ್ದದ್ದು ಗಡಿಯ ಆಚೆ, ಮೈಸೂರು ರಾಜ್ಯದಲ್ಲಿ. ಹೀಗೆ ವಿಧಾನ ಒಂದು ದಿಕ್ಕಿನಿಂದಲೂ ಪದ ಇನ್ನೊಂದು ದಿಕ್ಕಿನಿಂದಲೂ ಬರಬೇಕಾದ ಸ್ಥಿತಿ ಉಂಟಾಯಿತು. ಅವೆರಡೂ ಕೂಡುವ ಸ್ಥಳ ತರಗತಿ. ಕೂಡಿಸಬೇಕಾದ ವ್ಯಕ್ತಿ ಒಬ್ಬನೇ ಉಪಾಧ್ಯಾಯ.

ವಿಧಾನ ಮತ್ತು ಭಾಷೆ ಬೇರೆಯಾಗದೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಬೋಧನಾ ಕಾರ್ಯಕ್ರಮ ಒಂದು ನಿದರ್ಶನ. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾಗಿ, 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿದ ಈ ಕಾರ್ಯಕ್ರಮದಲ್ಲಿ ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ, ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅನುಮತಿ ಇತ್ತು. ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಪತ್ರ ಬರೆದು ತಮ್ಮ ಪ್ರಶ್ನೆಗಳನ್ನು ಕೇಳುತ್ತಿದ್ದರು. ಅಲ್ಲಿ ಪುಸ್ತಕದ ಹಿಂದಿಯನ್ನು ಮಗುವಿನ ಸಮೀಪಕ್ಕೆ ತರುವ ಕೆಲಸವನ್ನು ವಿಜ್ಞಾನದ ಕೆಲಸವೆಂದೇ ಭಾವಿಸಲಾಗಿತ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು.

ಆರು ತತ್ತ್ವಗಳು

ಆಂಧ್ರಪ್ರದೇಶದ ಪ್ರಾಥಮಿಕ ಶಾಲೆಗಳಿಗೆ ಚಟುವಟಿಕೆ ಆಧಾರಿತ ಬೋಧನೆಯನ್ನು ವ್ಯಾಪಕವಾಗಿ ತಂದದ್ದು ಆಂಧ್ರಪ್ರದೇಶ ಪ್ರಾಥಮಿಕ ಶಿಕ್ಷಣ ಯೋಜನೆ. ಬ್ರಿಟನ್ನಿನ ಸಾಗರೋತ್ತರ ಅಭಿವೃದ್ಧಿ ಆಡಳಿತದ ನೆರವಿನಿಂದ 1980ರ ದಶಕದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದು 1989ರಿಂದ ರಾಜ್ಯದ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿತು. ಯೋಜನೆಯ ತಿರುಳು ಆರು ತತ್ತ್ವಗಳಲ್ಲಿತ್ತು: ಸಾರ್ಥಕವಾದ ಕಲಿಕಾ ಚಟುವಟಿಕೆಗಳನ್ನು ಒದಗಿಸುವುದು, ಮಾಡಿ, ಕಂಡುಕೊಂಡು, ಸಮಸ್ಯೆ ಬಿಡಿಸಿ ಕಲಿಯಲು ಉತ್ತೇಜಿಸುವುದು, ವೈಯಕ್ತಿಕ, ಗುಂಪು ಮತ್ತು ಇಡೀ ತರಗತಿಯ ಕೆಲಸವನ್ನು ಬೆಳೆಸುವುದು, ಮಕ್ಕಳ ನಡುವಣ ವ್ಯತ್ಯಾಸಗಳಿಗೆ ಅವಕಾಶ ಕೊಡುವುದು, ಸ್ಥಳೀಯ ಪರಿಸರವನ್ನು ಬಳಸುವುದು, ಮಕ್ಕಳ ಕೆಲಸವನ್ನು ಪ್ರದರ್ಶಿಸಿ ತರಗತಿಯನ್ನು ಆಕರ್ಷಕವಾಗಿಯೂ ವ್ಯವಸ್ಥಿತವಾಗಿಯೂ ಇಡುವುದು. ಉಪಾಧ್ಯಾಯರು ಕೂಡಿ ಚರ್ಚಿಸಲು ಉಪಾಧ್ಯಾಯ ಕೇಂದ್ರಗಳು ತೆರೆದವು. 1996ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆಂಧ್ರದ ಐದು ಜಿಲ್ಲೆಗಳಲ್ಲಿ ಮೊದಲಾದಾಗ ಕರ್ನೂಲು ಅವುಗಳಲ್ಲಿ ಒಂದಾಗಿತ್ತು.

ಈ ಆರು ತತ್ತ್ವಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಭಾಷೆ ಎಂಬ ಮಾತು ಅವುಗಳಲ್ಲಿ ಎಲ್ಲಿಯೂ ಇಲ್ಲ. ಸ್ಥಳೀಯ ಪರಿಸರ ಎಂದಾಗ ಗಿಡ, ಕಲ್ಲು, ಕೆರೆ ನೆನಪಾಗುತ್ತವೆ. ಅವುಗಳನ್ನು ಕರೆಯುವ ಹೆಸರುಗಳೂ ಪರಿಸರದ ಭಾಗವೆಂಬುದು ಮರೆತುಹೋಗುತ್ತದೆ. ಕಣ್ಣಿಗೆ ಕಾಣುವ ತತ್ತ್ವಗಳು ಸುಲಭವಾಗಿ ಅಳವಡುತ್ತವೆ: ಗೋಡೆಗೆ ಚಿತ್ರ ತೂಗುಹಾಕಬಹುದು, ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಬಹುದು. ವೃತ್ತದಲ್ಲಿ ಕುಳಿತ ಮಕ್ಕಳು ಪರಸ್ಪರ ವಾದಿಸಬೇಕಾದರೆ ಮಾತ್ರ ವಾದಿಸುವ ಭಾಷೆ ಬೇಕು. ಅದು ದೊರೆಯದಿದ್ದರೆ ಗುಂಪಿನೊಳಗೆ ಒಬ್ಬೊಬ್ಬರೂ ಒಂಟಿಯಾಗಿ ಉತ್ತರವನ್ನು ನಕಲು ಮಾಡುತ್ತಾರೆ. ವಸ್ತುಪಾಠಕ್ಕೆ ಒದಗಿದ ಅಪಾಯವೇ ಇಲ್ಲಿಯೂ ಎದುರಾಗುತ್ತದೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅದರ ಪ್ರೇರಣೆ ಆಗ ಆಂಧ್ರದ ಚಿತ್ತೂರು ಜಿಲ್ಲೆಗೆ ಸೇರಿದ್ದ ರಿಷಿವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳದು. ತೆಲುಗು ನೆಲದಲ್ಲಿ ಹುಟ್ಟಿದ ವಿಧಾನ ಕನ್ನಡಕ್ಕೆ ದಾಟಿತು; ದಾಟಿಸಿದವರು ಉಪಾಧ್ಯಾಯರು. ಅವರು ಕಾರ್ಡುಗಳನ್ನು ಅನುವಾದಿಸುವುದರ ಬದಲು ತಮ್ಮ ಮಕ್ಕಳ ಮಾತು, ಹಾಡು, ಕತೆಗಳಿಂದ ಹೊಸದಾಗಿ ರಚಿಸಿದರು. ವಿಧಾನವು ಭಾಷೆಯ ಗಡಿಯನ್ನು ದಾಟಬಲ್ಲದು, ಆದರೆ ದಾಟುವಾಗ ಅದನ್ನು ಮತ್ತೆ ಬರೆಯಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಚಿತ್ತೂರಿಗೂ ಮೈಸೂರಿಗೂ ನಡುವೆ ಇಂಥ ಸಂಪರ್ಕ ಸಾಧ್ಯವಾಯಿತು. ಆಂಧ್ರದ ಪಠ್ಯಕ್ರಮಕ್ಕೆ ಒಳಪಟ್ಟ ಆದವಾನಿಯ ಕನ್ನಡ ಶಾಲೆಯ ಪಾಲಿಗೆ ಕರ್ನಾಟಕದ ಕಾರ್ಡುಗಳು ಬೇರೊಂದು ರಾಜ್ಯದ ಸಾಮಗ್ರಿಯಾಗಿದ್ದವು.

ಪರಿಕಲ್ಪನೆ, ಭಾವನೆ, ಎರೆ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ದೂರ ಸರಿದು, ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದಿತು. ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕರೆಯಿತು. ಅದನ್ನು ಅನುಸರಿಸಿದ 2011ರ ಆಂಧ್ರಪ್ರದೇಶ ರಾಜ್ಯ ಪಠ್ಯಕ್ರಮ ಚೌಕಟ್ಟಿನಿಂದ ಹೊಸ ಪಠ್ಯಪುಸ್ತಕಗಳೂ ನಿರಂತರ ಮತ್ತು ಸಮಗ್ರ ಮೌಲ್ಯಮಾಪನವೂ ಬಂದವು. ವಿಜ್ಞಾನಕ್ಕೆ ಗೊತ್ತುಮಾಡಿದ ವಿದ್ಯಾಮಾನಕಗಳಲ್ಲಿ ವಿಷಯದ ಗ್ರಹಿಕೆಯ ಜೊತೆಗೆ ಪ್ರಶ್ನಿಸುವುದು ಮತ್ತು ಊಹೆಗಳನ್ನು ಮಾಡುವುದು, ಪ್ರಯೋಗ ಮತ್ತು ಕ್ಷೇತ್ರ ಪರಿಶೀಲನೆ, ಮಾಹಿತಿ ಕೌಶಲ, ಚಿತ್ರ ಮತ್ತು ಮಾದರಿಗಳ ಮೂಲಕ ಸಂವಹನ, ದೈನಂದಿನ ಬದುಕಿಗೆ ಅನ್ವಯ ಮುಂತಾದವು ಸೇರಿದವು. ಮಗು ಪ್ರಶ್ನೆ ಕೇಳಿದ್ದಕ್ಕೇ ಅಂಕ ದೊರೆಯುವಂತಾದದ್ದು ಈ ಸೀಮೆಯ ಶಾಲಾ ಚರಿತ್ರೆಯಲ್ಲಿ ಸಣ್ಣ ಬದಲಾವಣೆಯಲ್ಲ. ಸರಸ್ವತಿಯ ಹೆಸರನ್ನು ಅಂಗೈಯಲ್ಲಿ ಬರೆಯಿಸಿಕೊಳ್ಳಲು ಮೊದಲು ಬರಬೇಕಾಗಿದ್ದ ಕಾಲದಿಂದ ಇದು ಬಹುದೂರದ ಪಯಣ.

ಆದರೆ ಭಾಷೆಯ ತೊಡಕು ಇಲ್ಲಿಯೇ ಅತಿ ಸೂಕ್ಷ್ಮವಾಗುತ್ತದೆ. ತೆಲುಗಿನಲ್ಲಿ ‘ಪರಿಕಲ್ಪನ’ ಎಂದರೆ ಪರೀಕ್ಷೆಗೆ ಒಡ್ಡಬೇಕಾದ ಊಹೆ, ಪ್ರಾಕ್ಕಲ್ಪನೆ. ಕನ್ನಡದಲ್ಲಿ ‘ಪರಿಕಲ್ಪನೆ’ ಎಂದರೆ ಒಂದು ವಿಷಯದ ಬಗ್ಗೆ ಮನಸ್ಸಿನಲ್ಲಿ ರೂಪುಗೊಂಡ ಸಾಮಾನ್ಯ ಗ್ರಹಿಕೆ. ತೆಲುಗಿನಲ್ಲಿ ಆ ಗ್ರಹಿಕೆಯ ಹೆಸರು ‘ಭಾವನ’. ಕನ್ನಡದ ‘ಭಾವನೆ’ಯಾದರೋ ಹೃದಯಕ್ಕೆ ಸಂಬಂಧಿಸಿದ್ದು. ತೆಲುಗಿನ ‘ಅವಗಾಹನ’ ಅರಿವನ್ನು ಸೂಚಿಸಿದರೆ, ಕನ್ನಡದ ‘ಅವಗಾಹನೆ’ ಮುಳುಗುವಿಕೆಯ ಅಥವಾ ಅಧಿಕಾರಿಗಳ ಗಮನಕ್ಕೆ ತರುವ ಮಾತು. ಮೂರೂ ಸಂಸ್ಕೃತಮೂಲದ ಪದಗಳು. ಮೂರೂ ಎರಡು ಭಾಷೆಗಳಲ್ಲಿ ಒಂದೇ ಎಂಬ ಭ್ರಮೆ ಹುಟ್ಟಿಸುತ್ತವೆ. ತೆಲುಗಿನಲ್ಲಿ ತರಬೇತಿ ಪಡೆದು ಕನ್ನಡದಲ್ಲಿ ಕಲಿಸುವವರು ‘ಪರಿಕಲ್ಪನೆ ಮಾಡಿರಿ’ ಎಂದರೆ, ಊಹಿಸಿ ಪರೀಕ್ಷಿಸು ಎಂಬ ಆಜ್ಞೆ ವ್ಯಾಖ್ಯೆಯನ್ನು ಹೇಳು ಎಂಬ ಆಜ್ಞೆಯಾಗಿ ಮಗುವನ್ನು ತಲುಪುತ್ತದೆ. ಬ್ಲೂಮ್‌ನ ಏಣಿಯ ಮೇಲಿನ ಮೆಟ್ಟಿಲಿಗೆಂದು ಹೊರಟ ಪ್ರಶ್ನೆ ಹೀಗೆ ಕೆಳಗಿನ ಮೆಟ್ಟಿಲಿಗೆ ಜಾರುತ್ತದೆ. ಲಿಪಿ ಪರಿಚಿತ, ಮಾತು ಪರಕೀಯ ಎಂಬ 1823ರ ಲಕ್ಷಣ ಬೇರೊಂದು ವೇಷದಲ್ಲಿ ಇಲ್ಲಿ ಮರಳುತ್ತದೆ. ಪಾರಿಭಾಷಿಕ ಪದಗಳ ಕಷ್ಟ ಇದಕ್ಕಿಂತ ಸರಳ. ಕನ್ನಡದ ದ್ಯುತಿಸಂಶ್ಲೇಷಣೆ ತೆಲುಗಿನಲ್ಲಿ ಕಿರಣಜನ್ಯ ಸಂಯೋಗಕ್ರಿಯ, ಕನ್ನಡದ ಪರಾಗಸ್ಪರ್ಶ ತೆಲುಗಿನಲ್ಲಿ ಪರಾಗಸಂಪರ್ಕ. ಇವು ಬೇರೆಯೆಂದು ಎಲ್ಲರಿಗೂ ಕಾಣುತ್ತದೆ. ಕಾಣುವ ವ್ಯತ್ಯಾಸವನ್ನು ತಿದ್ದಿಕೊಳ್ಳಬಹುದು.

ಇದಕ್ಕಿಂತಲೂ ನೆಲಕ್ಕೆ ಹತ್ತಿರವಾದ ಉದಾಹರಣೆ ಮಣ್ಣಿನದು. ಆದವಾನಿ ಸೀಮೆಯಲ್ಲಿ ಕಪ್ಪುಮಣ್ಣಿನ ಬಯಲೂ ಗ್ರಾನೈಟ್ ಬೆಟ್ಟಗಳ ತಪ್ಪಲಿನ ಕೆಂಪುಮಣ್ಣೂ ಕೆಲವೇ ಹರಿದಾರಿಗಳ ಅಂತರದಲ್ಲಿ ಸಿಗುತ್ತವೆ. ಕನ್ನಡದಲ್ಲಿ ‘ಎರೆ’ ಎಂದರೆ ಕಪ್ಪುಮಣ್ಣು. ತೆಲುಗಿನಲ್ಲಿ ‘ಎರ್ರ’ ಎಂದರೆ ಕೆಂಪು. ‘ಎರ್ರನೇಲ’ ಎಂದರೆ ಕೆಂಪುಮಣ್ಣಿನ ನೆಲ, ಕಪ್ಪುಮಣ್ಣಿಗೆ ಅಲ್ಲಿ ‘ನಲ್ಲರೇಗಡಿ’. ಕಿವಿಗೆ ಬಹುಮಟ್ಟಿಗೆ ಒಂದೇ ಆಗಿ ಕೇಳುವ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾದ ಎರಡು ಮಣ್ಣುಗಳನ್ನು ಸೂಚಿಸುತ್ತವೆ. ಮನೆಯಲ್ಲಿ ಒಂದನ್ನೂ ಸಂತೆಯಲ್ಲಿ ಇನ್ನೊಂದನ್ನೂ ಕೇಳಿ ಬೆಳೆದ ಮಗು ‘ಎರೆಯಲ್ಲಿ ನೀರು ನಿಲ್ಲುತ್ತದೆ’ ಎ೦ದಾಗ ಅದನ್ನು ತಪ್ಪೆಂದು ತಿದ್ದಿಬಿಡುವ ಸಾಧ್ಯತೆಯೂ ಇದೆ, ಪಾಠವನ್ನು ಅಲ್ಲಿಂದಲೇ ಆರಂಭಿಸುವ ಸಾಧ್ಯತೆಯೂ ಇದೆ.

ಎರಡನೆಯ ದಾರಿ ಹಿಡಿದರೆ ಬೇಕಾಗುವ ಸಲಕರಣೆ ಅಲ್ಪ. ತಳದಲ್ಲಿ ತೂತು ಕೊರೆದು ಬಟ್ಟೆ ಕಟ್ಟಿದ ಎರಡು ಡಬ್ಬಿಗಳು, ಸಮತೂಕದ ಒಣಗಿದ ಎರಡು ಮಣ್ಣುಗಳು, ಸಮಪ್ರಮಾಣದ ನೀರು. ನೀರು ಹೊಯ್ಯುವ ಮೊದಲು ಯಾವುದರಿಂದ ಬೇಗ ಸೋರುತ್ತದೆ, ಯಾವುದು ಹೆಚ್ಚು ಹಿಡಿದಿಡುತ್ತದೆ ಎಂದು ಪ್ರತಿಯೊಂದು ಮಗುವೂ ಕಾರಣಸಹಿತ ಊಹಿಸಬೇಕು. ಅನಂತರ ನೋಡಿ ಅಳೆಯಬೇಕು, ಊಹೆಗೂ ಕಂಡದ್ದಕ್ಕೂ ವ್ಯತ್ಯಾಸವಿದ್ದರೆ ವಿವರಿಸಬೇಕು. ಮರಳು ಹೆಚ್ಚಿರುವ ಕೆಂಪುಮಣ್ಣು ನೀರನ್ನು ಬೇಗ ಬಿಡುತ್ತದೆ. ಜೇಡಿ ಹೆಚ್ಚಿರುವ ಎರೆ ನೀರು ಹೀರಿ ಉಬ್ಬಿ ಹಿಡಿದಿಡುತ್ತದೆ. ಆಗ ಬೇಸಿಗೆಯ ಹೊಲ ಕಂಡ ಮಗು ಕೇಳಬಹುದು: ಬಿರುಕು ಬಿಟ್ಟ ಎರೆಯಲ್ಲಿ ಮೊದಲ ಮಳೆಯ ನೀರು ಸರ್ರನೆ ಇಳಿದುಹೋಗುತ್ತದಲ್ಲ, ಅದೇಕೆ? ಈ ಪ್ರಶ್ನೆ ಪ್ರಯೋಗದ ಫಲಿತಾಂಶವನ್ನೇ ಅಲುಗಿಸುತ್ತದೆ. ಅದಕ್ಕೆ ಉತ್ತರಿಸಲು ಬಿರುಕು ಬೇರೆ, ಮಣ್ಣಿನ ಕಣಗಳ ನಡುವಣ ರಂಧ್ರ ಬೇರೆ ಎಂದು ವಿಂಗಡಿಸಬೇಕು. ಹೆಂಟೆಯನ್ನೂ ಪುಡಿಮಣ್ಣನ್ನೂ ಬೇರೆಯಾಗಿ ಪರೀಕ್ಷಿಸುವ ಹೊಸ ಪ್ರಯೋಗ ಹೂಡಬೇಕು. ಶೇಂಗಾ ಸಡಿಲವಾದ ಕೆಂಪುಮಣ್ಣಿಗೆ, ಹತ್ತಿ ಎರೆಗೆ ಒಗ್ಗುವುದೇಕೆ ಎಂಬ ಪ್ರಶ್ನೆ ಅಲ್ಲಿಂದ ಮುಂದುವರಿಯುತ್ತದೆ. ಹೂವು ಉದುರಿದ ಮೇಲೆ ಶೇಂಗಾದ ಸೂಜಿ ನೆಲದೊಳಗೆ ಇಳಿದು ಕಾಯಿಯಾಗುವುದನ್ನು ಕಂಡವರಿಗೆ ಮಣ್ಣಿನ ಸಡಿಲತೆಯ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ವಿಶ್ಲೇಷಣೆ, ಮೌಲ್ಯಮಾಪನ, ಸೃಜನ ಎಂಬ ಮೇಲಿನ ಮೂರೂ ಹಂತಗಳು ಇಲ್ಲಿ ಮಗುವಿನ ಮಾತಿನಿಂದಲೇ ಹುಟ್ಟುತ್ತವೆ.

ಇಂಥ ಮಾತು ಹುಟ್ಟಲು ಸಮಯ ಬೇಕು. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ 1974ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಆ ಕಾಲವನ್ನು ಮೂರು ಸೆಕೆಂಡುಗಳಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆ, ಊಹೆಗಳೂ ಮಕ್ಕಳು ಕೇಳುವ ಪ್ರಶ್ನೆಗಳೂ ಹೆಚ್ಚುತ್ತವೆ. ಒಂದೇ ಭಾಷೆಯ ತರಗತಿಯಲ್ಲಿ ಇಷ್ಟು ವ್ಯತ್ಯಾಸವಾದರೆ, ಪ್ರಶ್ನೆಯನ್ನು ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಯೋಚಿಸಿ ಮತ್ತೆ ಮೊದಲನೆಯದಕ್ಕೆ ಮರಳಬೇಕಾದ ಮಗುವಿಗೆ ಮೌನದ ಆ ಕ್ಷಣಗಳು ಎಷ್ಟು ಅಗತ್ಯವೆಂದು ಊಹಿಸಬಹುದು. ಆ ಮೌನವನ್ನು ಅಜ್ಞಾನವೆಂದು ಎಣಿಸುವುದು ಸುಲಭ.

ಅಕ್ಕಪಕ್ಕದ ಎರಡು ಖಂಡಗಳು

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣದ ಎರಡನೆಯ ಉಪಪ್ರಕರಣದಲ್ಲಿ ಪಠ್ಯಕ್ರಮ ಪಾಲಿಸಬೇಕಾದ ಅಂಶಗಳಿವೆ. ಅದರ ಒಂದು ಖಂಡವು ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಗಳ ಮೂಲಕ ಕಲಿಕೆ ನಡೆಯಬೇಕು ಎನ್ನುತ್ತದೆ. ಅದರ ಮರು ಖಂಡವು ಬೋಧನಾ ಮಾಧ್ಯಮ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ತಾಯ್ನುಡಿಯಾಗಿರಬೇಕು ಎನ್ನುತ್ತದೆ. ಕ್ಯಾಂಬೆಲ್‌ನ ವರದಿಯಲ್ಲಿ, 1904ರ ನಿರ್ಣಯದಲ್ಲಿ, 2005ರ ಚೌಕಟ್ಟಿನಲ್ಲಿ ಜೊತೆಗೂಡಿದ್ದ ಎರಡು ವಿಚಾರಗಳು ಇಲ್ಲಿ ಕಾನೂನಿನ ಅಕ್ಕಪಕ್ಕದ ಖಂಡಗಳಾಗಿ ನಿಂತಿವೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಖಂಡ ಪರೀಕ್ಷೆಗೆ ಒಳಗಾಯಿತು. 2019ರ ನವೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಸರ್ಕಾರಿ ಶಾಲೆಗಳ ಕೆಳ ತರಗತಿಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸುವ ಆದೇಶಗಳನ್ನು ಹೊರಡಿಸಿತು. 2020ರ ಏಪ್ರಿಲ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯ ಅವುಗಳನ್ನು ರದ್ದುಪಡಿಸಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಈ ವಿವಾದದಲ್ಲಿ ಮುಂಚೂಣಿಗೆ ಬಂದದ್ದು ತೆಲುಗು ಮತ್ತು ಇಂಗ್ಲಿಷ್ ನಡುವಣ ಚರ್ಚೆ. ಆದವಾನಿ ಸೀಮೆಯ ಕನ್ನಡದಂಥ ಮೂರನೆಯ ಭಾಷೆಗಳ ಸ್ಥಾನ ಅದರ ಅಂಚಿನಲ್ಲಿತ್ತು. ಇಂಗ್ಲಿಷ್ ಬೇಕೆನ್ನುವ ಪೋಷಕರ ಬಯಕೆ ನಿರ್ಲಕ್ಷಿಸುವಂಥದ್ದಲ್ಲ. ಬರ, ಸಾಲ, ಗುಂಟೂರಿನ ಮೆಣಸಿನಕಾಯಿ ಮತ್ತು ಹತ್ತಿ ಹೊಲಗಳತ್ತ ಋತುಮಾನದ ವಲಸೆ ಇವುಗಳ ನಡುವೆ ಬದುಕುವ ಕುಟುಂಬಕ್ಕೆ ಇಂಗ್ಲಿಷ್ ಹೊರದಾರಿಯಂತೆ ಕಾಣುತ್ತದೆ. 1823ರಲ್ಲಿ ಶಾಲೆಗಳನ್ನು ಮುಚ್ಚಿಸಿದ ಬಡತನವೇ ಇಂದು ಮಾಧ್ಯಮವನ್ನು ಆರಿಸುತ್ತಿದೆ ಎನ್ನಬಹುದು. ವರ್ಷದ ಕೆಲವು ತಿಂಗಳು ಶಾಲೆಯಿಂದ ದೂರವಿರುವ ಮಗುವಿಗೆ ವಿಜ್ಞಾನ ಉಳಿಯುವುದು ಬಾಯಿಪಾಠದ ಉತ್ತರಗಳಾಗಿ ಅಲ್ಲ. ಎಲ್ಲಿ ಹೋದರೂ ಜೊತೆಗೊಯ್ಯಬಹುದಾದ ಪ್ರಶ್ನಿಸುವ ಅಭ್ಯಾಸವಾಗಿ. ಆ ಅಭ್ಯಾಸ ರೂಢಿಯಾಗುವುದು ಮಗು ಹಿಂಜರಿಯದೆ ತಪ್ಪು ಮಾಡಬಲ್ಲ ಭಾಷೆಯಲ್ಲಿ.

ಆದುದರಿಂದ ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಪ್ರಶ್ನೆಯನ್ನು ಕೇವಲ ಅಸ್ಮಿತೆಯ ಪ್ರಶ್ನೆಯೆಂದು ಮಂಡಿಸಿದರೆ ಅದರ ಅರ್ಧ ಭಾಗವನ್ನಷ್ಟೇ ಹೇಳಿದಂತಾಗುತ್ತದೆ. ಉನ್ನತ ಚಿಂತನೆಯ ಪ್ರಶ್ನೆಯನ್ನು ಕೇವಲ ತರಬೇತಿಯ ಪ್ರಶ್ನೆಯೆಂದು ಮಂಡಿಸಿದರೂ ಅಷ್ಟೇ. ಎರಡೂ ಭಾಷೆಗಳನ್ನು ಬಲ್ಲ ವಿದ್ವಾಂಸರು ಮಾಡಬಹುದಾದ ಕೆಲಸಗಳು ಇಲ್ಲಿ ಸ್ಪಷ್ಟವಾಗಿವೆ. ಕನ್ನಡ, ತೆಲುಗುಗಳಲ್ಲಿ ರೂಪ ಒಂದಾಗಿ ಅರ್ಥ ಬೇರೆಯಾದ ಶಾಲಾ ಪದಗಳ ಕೋಶ, ಬಳ್ಳಾರಿ ಮತ್ತು ಆದವಾನಿ ಆಡುನುಡಿಯ ಮಣ್ಣು, ಮಳೆ, ಬೆಳೆ, ಕೀಟಗಳ ಹೆಸರುಗಳ ಸಂಗ್ರಹ, ಅವುಗಳನ್ನು ಬಳಸಿ ಕನ್ನಡದಲ್ಲಿಯೇ ಸಿದ್ಧಗೊಂಡ ಉಪಾಧ್ಯಾಯರ ಕೈಪಿಡಿ ಇವು ದೊಡ್ಡ ಹಣವನ್ನಾಗಲಿ ಹೊಸ ಕಾನೂನನ್ನಾಗಲಿ ಬೇಡುವುದಿಲ್ಲ. ಎರೆಮಣ್ಣಿನ ಡಬ್ಬಿಯ ಮುಂದೆ ಕುಳಿತ ಮಗುವಿನ ಪ್ರಶ್ನೆಯನ್ನು ಅದರ ಮಾತಿನಲ್ಲಿಯೇ ಕೇಳಿಸಿಕೊಳ್ಳಲು ಉಪಾಧ್ಯಾಯರಿಗೆ ಅವು ನೆರವಾಗುತ್ತವೆ. ಮರಳ ಮೇಲೆ ಅಕ್ಷರ ತಿದ್ದಿದ ಮಗುವಿಗೆ ಎರಡು ಶತಮಾನಗಳ ಹಿಂದೆ ದೊರೆಯದೆ ಹೋದದ್ದು ಅದೇ.